ಯಿಂಗ್ ನುಡಿಸಿದ ಹದಿನಾಲ್ಕು ನಿಮಿಷ

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವಾಗ ಮಾತ್ರ ಅದಕ್ಕೆ ದಾರಿ ಸಿಗುವುದಿಲ್ಲ. ಅಮೆರಿಕದ ವೆಸ್ಟ್‌ಮಾಂಟಿನ ನಮ್ಮ ಕನ್ನಡ ಸಂಘದ ಯುಗಾದಿ ಮುಗಿದು ಮೂರು ವಾರವಾದರೂ, ಇಂಡಿಯನ್ ಅಂಗಡಿಯಲ್ಲಿ ಅಧ್ಯಕ್ಷ ಮೂರ್ತಿ ಅಂಕಲ್ ಕಂಡರೆ ಬೇಳೆಯ ಸಾಲಿನಿಂದ ಸೋಪಿನ ಸಾಲಿಗೆ ಜಾರಿಕೊಳ್ಳುತ್ತಿದ್ದೆ.

ಕಾರಣ, ಪಕ್ಕದ ಮನೆಯ ಯಿಂಗ್. ಹೊಸ ಬಗೆಯ ಸಂಗೀತ ಕಟ್ಟುವವಳು. ಗುಚಿನ್ ಎಂಬ ಏಳು ತಂತಿಯ ಹಳೆಯ ಚೀನೀ ವಾದ್ಯವನ್ನು ಮೇಜಿನ ಮೇಲೆ ಮಲಗಿಸಿ ನುಡಿಸುತ್ತಾಳೆ. ನಡುನಡುವೆ ಪಿಂಗಾಣಿ ಬಟ್ಟಲಿಗೆ ಹನಿಹನಿಯಾಗಿ ಚಹಾ ಬೀಳಿಸಿ, ಆ ಸದ್ದನ್ನೂ ಮೈಕಿನಲ್ಲಿ ಹಿಡಿಯುತ್ತಾಳೆ. ಹಿಂದೆ ಅವರ ಪಂಡಿತರು ಒಬ್ಬ ಗೆಳೆಯ ಕೇಳಿದರೆ ಸಾಕೆಂದು ಇದನ್ನು ನುಡಿಸುತ್ತಿದ್ದರಂತೆ. ಅಂಥದ್ದನ್ನು ನಾನು ಹೋಳಿಗೆ ಊಟಕ್ಕೆ ಕಾದಿದ್ದ ಮುನ್ನೂರು ಜನರ ಮುಂದೆ ತಂದು ಕೂರಿಸಿದೆ. ನಮ್ಮವರಿಗೆ ಸಂಗೀತವೆಂದರೆ ಪ್ರಾಣ ಎಂದು ಬಡಾಯಿ ಬೇರೆ ಕೊಚ್ಚಿದ್ದೆ.

ಅವಳಿಗೆ ಅದು ಬರೀ ಕಾರ್ಯಕ್ರಮವಾಗಿರಲಿಲ್ಲ. ಚೀನಾದಲ್ಲಿರುವ ಅವಳ ಗುರುಗಳು ಚಹಾ ಬಟ್ಟಲಿನ ವಿಷಯ ಕೇಳಿದಂದಿನಿಂದ ಮಾತು ಬಿಟ್ಟಿದ್ದರು. ವರ್ಷಗಳ ಮೇಲೆ ಈಗ, ಸಭೆಯ ಮುಂದೆ ನುಡಿಸಿದ್ದನ್ನು ಕಳಿಸು, ಕೇಳುತ್ತೇನೆ ಎಂದು ಒಪ್ಪಿದ್ದರು. ರೆಕಾರ್ಡರನ್ನು ಯಿಂಗ್ ನನ್ನನ್ನು ನಂಬಿ ನನ್ನ ಮಡಿಲಲ್ಲಿಟ್ಟಳು.

ಒಂದು ತಂತಿ ಮೀಟಿದಳು. ನಾದ ಪೂರ್ತಿ ಆರುವವರೆಗೆ ಕಾದಳು. ಇನ್ನೊಂದು ಮೀಟಿದಳು. ಅಷ್ಟೇ ಸಾಕಾಯಿತು. ವೀಣೆಯವರು ಶ್ರುತಿ ಮಾಡಿಕೊಳ್ಳುವಾಗ ಹರಟೆ ಹೊಡೆಯುವುದು ನಮ್ಮ ಆಜನ್ಮಸಿದ್ಧ ಹಕ್ಕಲ್ಲವೇ? ಗ್ರೀನ್ ಕಾರ್ಡು, ಮಕ್ಕಳ ಸ್ಪೆಲ್ಲಿಂಗ್ ಬೀ, ಸ್ನೋ ಟಯರು ಬಿಚ್ಚಿಸುವುದು, ಎಲ್ಲವೂ ಶುರುವಾಯಿತು. ನನಗೆ ಮೈಯೆಲ್ಲ ಉರಿಯಿತು. ಹಿಂದಿನವರತ್ತ ಕಣ್ಣು ಕೆಕ್ಕರಿಸಿ “ಶ್!” ಎಂದೆ, ಪಕ್ಕದವರಿಗೂ “ಶ್!” ಎಂದೆ.

ಮೂರ್ತಿ ಅಂಕಲ್ ಬಗ್ಗಿ ಪಿಸುಗುಟ್ಟಿದರು. “ಏನಮ್ಮಾ, ನಿಮ್ ಫ್ರೆಂಡು ಇನ್ನೂ ಎಷ್ಟೊತ್ತು ಶ್ರುತಿ ಮಾಡ್ಕೋತಾರೆ? ಸ್ಟಾರ್ಟ್ ಮಾಡೋಕೆ ಹೇಳಮ್ಮ, ಊಟ ತಣ್ಣಗಾಗ್ತಿದೆ.”

“ಅಂಕಲ್, ಅವ್ರು ಮುಗಿಸ್ತಾ ಇದಾರೆ!”

ಹದಿನಾಲ್ಕು ನಿಮಿಷವಾದ ಮೇಲೆ ಯಿಂಗ್ ಎದ್ದು ತಲೆಬಾಗಿದಳು. ಇನ್ನೇನು ಸಂಗೀತ ಶುರುವಾಯಿತೆಂದು ಸಭೆ ಆಗ ಸದ್ದಡಗಿಸಿ ಕೂತಿತು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೊನ್ನೆ ಮೈಸೂರು ಪಾಕಿನ ಡಬ್ಬಿ ಹಿಡಿದು ಅವಳ ಮನೆಗೆ ಹೋದೆ, ಆ ಮುನ್ನೂರು ಅನಾಗರಿಕರ ಪರವಾಗಿ ಕ್ಷಮೆ ಕೇಳಲು. ಯಿಂಗ್ ರೆಕಾರ್ಡಿಂಗ್ ಹಾಕಿದಳು. ಹರಟೆ ಎಲ್ಲೋ ದೂರದಲ್ಲಿ ಗುಜುಗುಜು ಎನ್ನುತ್ತಿತ್ತು, ಅಷ್ಟೇ. ಆದರೆ ನಾದ ಇನ್ನೇನು ಆರಬೇಕು ಎನ್ನುವಾಗ, ಸರಿಯಾಗಿ ಅದರ ಮೇಲೆ, ವೆಯ್ಟ್ ಹಾಕದ ಕುಕ್ಕರಿನಂತೆ ನನ್ನದೇ “ಶ್!” ಒಂದಲ್ಲ ಎರಡಲ್ಲ, ಪ್ರತಿ ಸಲವೂ.

“ಇದನ್ನ ಕಳಿಸಿಬಿಟ್ಟೆಯಾ?” ಎಂದೆ.

“ಕಳಿಸಿದೆ. ಗುರುಗಳು ಫೋನ್ ಮಾಡಿದ್ದರು. ಚಹಾ ಬಟ್ಟಲು ಪರವಾಗಿಲ್ಲವಂತೆ. ಆ ಬುಸುಗುಡುವ ಹಾವಿನ ವಾದ್ಯ ಮಾತ್ರ ತೆಗೆದುಬಿಡು ಎಂದರು.”

ಈಗ ಅಂಗಡಿಯಲ್ಲಿ ಮೂರ್ತಿ ಅಂಕಲ್ ಸಿಕ್ಕರೆ ನಿಂತು ಮಾತಾಡಿಸುತ್ತೇನೆ. ಸಿಟ್ಟೇನೋ ಇಳಿದಿಲ್ಲ, ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.