ತಿದ್ದಿದ ‘ನೀನು’

ನಮ್ಮ ಅತ್ತಿಗೆಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬಂಧುಗಳೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ! ಅವರೂ ಒಂದು ವಾರ ನಮ್ಮಪ್ಪನ ಕೈಕೆಳಗೆ ಕೆಲಸ ಮಾಡಿ ನೋಡಲಿ, ಆಮೇಲೆ ಮಾತಾಡಲಿ.

ಅಪ್ಪನದು ಸಣ್ಣ ಮುದ್ರಣಾಲಯ. ಅದರ ಹಿಂದಿನ ಕೋಣೆಯಲ್ಲಿ ಕೂತು ಅತ್ತಿಗೆ ಬಾಹ್ಯಾಕಾಶದ ಚಿತ್ರಕಥೆ ಬರೆಯುತ್ತಾಳೆ. ಕಥೆ, ಚಿತ್ರ ಎರಡೂ ಅವಳದೇ. ಬಣ್ಣ ತುಂಬುವವಳು ನಾನು, ಪ್ರೂಫ್ ನೋಡುವವರು ಅಪ್ಪ. ಯಾವ ಮುಖ ಬರೆಯಬೇಕೋ ಆ ಮುಖವನ್ನು ಕನ್ನಡಿ ಮುಂದೆ ತಾನೇ ಮಾಡಿ ನೋಡುವುದು ಅವಳ ಅಭ್ಯಾಸ. ಒಮ್ಮೆ ಅಣ್ಣ ಹೆದರಿ, “ನನ್ನಿಂದ ಏನು ತಪ್ಪಾಯ್ತೇ?” ಎಂದು ಕೇಳಿದ್ದ.

“ಹೋಗ್ರೀ, ಇದು ರಾಕ್ಷಸ ಗ್ರಹದ ರಾಜ,” ಎಂದಿದ್ದಳು.

ಅವಳ ಕಥೆಯಲ್ಲಿ ಒಬ್ಬಳು ಕ್ಯಾಪ್ಟನ್, ಅವಳ ಜೊತೆಗೊಂದು ರೋಬೋ. ಮೊದಲ ಸಂಚಿಕೆಯಿಂದಲೂ ಅದು ಅವಳನ್ನು ‘ನೀವು’ ಎಂದೇ ಮಾತಾಡಿಸುತ್ತಿತ್ತು. ಕೊನೆಯ ಸಂಚಿಕೆಯಲ್ಲಿ ನೌಕೆ ಒಡೆಯುತ್ತದೆ. ರೋಬೋ ತನ್ನ ಬ್ಯಾಟರಿ ಕಿತ್ತು ಅವಳಿಗೆ ಕೊಡುತ್ತ, “ನೀನು ಹೋಗು,” ಎನ್ನುತ್ತದೆ. ಅವಳು ಗಕ್ಕನೆ ತಿರುಗುತ್ತಾಳೆ. ಪುಟದ ತುಂಬ ಅವಳ ಮುಖವೊಂದೇ. ಹುಬ್ಬು ಮೇಲೆದ್ದಿದೆ, ತುಟಿ ಅರ್ಧ ತೆರೆದಿದೆ, ಹೆಲ್ಮೆಟ್ಟಿನ ಗಾಜಿನಲ್ಲಿ ರೋಬೋದ ಕೆಂಪು ದೀಪ ಮಂಕಾಗುತ್ತಿದೆ. ಆ ಮುಖವನ್ನು ಎಷ್ಟು ಸಲ ಅಳಿಸಿ ಬರೆದಳೋ, ಕಾಗದವೇ ತೆಳ್ಳಗಾಗಿತ್ತು. ಬಣ್ಣ ಹಚ್ಚುವಾಗ ನನಗೆ ಅಳು ತಡೆಯಲಾಗಲಿಲ್ಲ.

ಅಚ್ಚಾಗಿ ಬಂತು ನೋಡಿ, ರೋಬೋ ಹೇಳುತ್ತಿದೆ: “ನೀವು ಹೋಗಿ.” ಕಟ್ಟುಗಳೆಲ್ಲ ಆಗಲೇ ಅಂಗಡಿಗಳಿಗೆ ಹೋಗಿಯಾಗಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. “ಅಪ್ಪಾ, ಇದ್ಯಾರ ಘನಕಾರ್ಯ?”

“ನಂದೇ. ಅಷ್ಟು ದೊಡ್ಡ ಕ್ಯಾಪ್ಟನ್‌ಗೆ ಒಂದು ತಗಡು ಡಬ್ಬ ಏಕವಚನದಲ್ಲಿ ಮಾತಾಡೋದಾ? ನಾನು ನೋಡದೆ ಇದ್ದಿದ್ರೆ ಮಾನ ಹೋಗ್ತಿತ್ತು!” ಅಪ್ಪ ಬೀಗುತ್ತಿದ್ದರು.

ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಎಷ್ಟೇ ಜಗಳವಾದರೂ ಮಾವನ ಜೊತೆ ಬಹುವಚನ ಬಿಟ್ಟು ಮಾತಾಡಿದವಳಲ್ಲ ಅವಳು.

“ಯಾರನ್ನ ಕೇಳಿ ತಿದ್ದಿದೆ ನೀನು?” ಎಂದಳು.

ಅಪ್ಪ ಗಕ್ಕನೆ ಸೊಸೆಯ ಕಡೆ ತಿರುಗಿದರು, ಹುಬ್ಬು ಮೇಲೆದ್ದಿತ್ತು.

“ಒಂದೇ ಒಂದು ಮಾತಿಗೆ ನಿಮ್ಮ ಮುಖ ಹೇಗಾಯ್ತು ನೋಡ್ಕೊಳ್ಳಿ. ಈಗ ಅವಳ ಮುಖ ನೋಡಿ,” ಎಂದು ಪುಸ್ತಕ ತೆರೆದು ಅವರ ಮುಂದೆ ಕುಕ್ಕಿದಳು.

ಅಪ್ಪ ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿದರು. “ಬೆರಗಾಗಿದಾಳೆ,” ಎಂದರು ಮೆಲ್ಲಗೆ.

“ಬೆರಗಾಗಿದ್ಲು. ನೀವು ತಿದ್ದಿದ ಮೇಲೆ ಸುಮ್ನೆ ಬಾಯಿ ಬಿಟ್ಕೊಂಡು ನಿಂತಿದಾಳೆ.”