ಅತ್ತಿಗೆಯ ಎಡಗಾಲು

ನಮ್ಮತ್ತಿಗೆಯ ಎಡಗಾಲಿನ ಮೇಲೆ ಹೊರಿಸದ ಅಪವಾದವಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಹೊರಿಸಿದವನು ನನ್ನ ಒಡಹುಟ್ಟಿದ ಅಣ್ಣನೇ ಆದ್ದರಿಂದ ಉರಿ ಇನ್ನೂ ಜಾಸ್ತಿ.

ಅತ್ತಿಗೆ ನರ್ಸ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುತ್ತಾರೆ. ಊರಿನ ಆ ತುದಿಯಿಂದ ಈ ತುದಿಗೆ ಓಡಾಟ. ಕಾರಿಲ್ಲದಿದ್ದರೆ ಅರ್ಧ ಕೆಲಸವೇ ಇಲ್ಲ.

ಅಣ್ಣನಿಗೂ ಕಾರೆಂದರೆ ಪ್ರಾಣ, ಆದರೆ ಅವನ ಪ್ರೀತಿಯ ರೀತಿಯೇ ಬೇರೆ. ಹೊಸದಾಗಿ ತಂದಾಗ ಕಾಲಿಡುವ ಜಾಗಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅವನು ಒಮ್ಮೆಯೂ ತೆಗೆಯಗೊಟ್ಟಿರಲಿಲ್ಲ. ಅದರ ಮೇಲೆ ರಬ್ಬರ್ ಮ್ಯಾಟು, ಅದರ ಮೇಲೊಂದು ಮೆತ್ತನೆಯ ಮ್ಯಾಟು, ಅದು ಕೊಳೆಯಾಗಬಾರದೆಂದು ಮತ್ತೊಂದು ಹಳೇ ಟವೆಲು. ಟವೆಲನ್ನು ಮಾತ್ರ ಒಗೆಯುತ್ತಿದ್ದ. ಕೆಳಗಿನದನ್ನು ಯಾರೂ ಮುಟ್ಟುವ ಹಾಗಿಲ್ಲ.

ಒಂದು ದಿನ ಅತ್ತಿಗೆ ಓಡಿಸುತ್ತಿದ್ದಾಗ ನಡುರಸ್ತೆಯಲ್ಲಿ ಕ್ಲಚ್ ಪೆಡಲು ನೆಲಕ್ಕೆ ಹೋಗಿ ಅಲ್ಲೇ ಕೂತುಬಿಟ್ಟಿತು. ಗೇರು ಕರಕರ ಎನ್ನುತ್ತದೆಯೇ ಹೊರತು ಬೀಳುವುದಿಲ್ಲ.

"ಕ್ಲಚ್ ಮೇಲೆ ಎಡಗಾಲಿಟ್ಕೊಂಡೇ ಓಡಿಸ್ತಾಳೆ, ಇನ್ನೇನಾಗತ್ತೆ?" ಎಂದ ಅಣ್ಣ.

ಮೆಕ್ಯಾನಿಕ್ ಬಾನೆಟ್ ತೆರೆಯುವ ಮುಂಚೆಯೇ ತಲೆಯಾಡಿಸಿದ. "ಹೆಂಗಸ್ರು ಓಡ್ಸೋ ಗಾಡಿ ಅಂದ್ರೆ ಹಿಂಗೇ ಸಾರ್." ಕ್ಲಚ್ ಪ್ಲೇಟ್ ಬದಲಾಯಿಸಿದ, ಕ್ಲಚ್ ಆಯಿಲ್ ತುಂಬಿಸಿದ. ಕೆಲವು ದಿನ ಸರಿಯಿತ್ತು. ಆಮೇಲೆ ಪೆಡಲು ಮತ್ತೆ ನೆಲ ಹಿಡಿಯಿತು.

ಅಣ್ಣ ಕೀ ಕಿತ್ತು ಜೇಬಿಗೆ ಹಾಕಿಕೊಂಡ. "ಇನ್ಮೇಲೆ ಹತ್ತಿರದ ಮನೆಗಳಿಗೆ ನಡ್ಕೊಂಡು ಹೋಗು. ದೂರದ್ದೆಲ್ಲ ಬಿಟ್ಬಿಡು."

ಬಿಟ್ಟುಬಿಡಬೇಕಂತೆ! ಬೆನ್ನಿನ ಹುಣ್ಣಿನಿಂದ ಮಗ್ಗುಲು ಬದಲಿಸಲೂ ಆಗದ ಅಜ್ಜಿಯೊಬ್ಬರು ದೂರದ ಬಡಾವಣೆಯಲ್ಲಿ ದಿನಾ ಬಾಗಿಲು ನೋಡುತ್ತಾ ಮಲಗಿರುತ್ತಾರೆ. ಅವರನ್ನು ಯಾರು ನೋಡಬೇಕು, ಇವನಾ?

ಅತ್ತಿಗೆ ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ. ಊಟದ ತಟ್ಟೆಯೆದುರೇ ಶುರು ಮಾಡಿದರು.

"ಪ್ಲೇಟ್ ಸವೆದಿದ್ರೆ ಇಂಜಿನ್ ಅರಚತ್ತೆ, ಗಾಡಿ ಮುಂದೆ ಹೋಗಲ್ಲ. ಇಲ್ಲಿ ಗೇರೇ ಬೀಳ್ತಿಲ್ಲ. ಪೆಡಲ್‌ನ ಬೇಗ ಬೇಗ ತುಳಿದ್ರೆ ಬೀಳತ್ತೆ. ಆಯಿಲ್ ಕಮ್ಮಿ ಆಗ್ತಿದೆ ಕಣ್ರೀ. ಎಲ್ಲಿಗೆ ಹೋಗ್ತಿದೆ ಹೇಳಿ?"

"ಕಾರ್ ನಿಲ್ಸೋ ಜಾಗದಲ್ಲಿ ಒಂದು ಹನಿನೂ ಬಿದ್ದಿಲ್ಲ."

"ಹೊರಗಿಲ್ಲ ಅಂದ್ರೆ ಒಳಗಿದೆ. ಪಟ್ಟಿ ಮೇಲೆ ರಕ್ತ ಕಾಣ್ಲಿಲ್ಲ ಅಂತ ನಾನು ಗಾಯ ನೋಡ್ದೆ ಬರ್ತೀನಾ?"

ಕೈ ತೊಳೆದವರೇ ಅಣ್ಣನಿಂದ ಕೀ ಇಸಿದುಕೊಂಡು ಕಾರಿನ ಕಡೆ ಹೊರಟರು. ನಾನೂ ಹಿಂದೆಯೇ ಓಡಿದೆ. ಟವೆಲು ಎಳೆದು ಬಿಸಾಕಿದರು, ಮ್ಯಾಟುಗಳನ್ನೂ ಬಿಸಾಕಿದರು.

"ಏಯ್, ಆ ಪ್ಲಾಸ್ಟಿಕ್ ಮುಟ್ಬೇಡ, ಹರಿಯತ್ತೆ!" ಎಂದು ಅಣ್ಣ ಕೂಗಿಕೊಂಡ.

ಹರಿಯಿತು. ಅದರಡಿಯ ಕಾರ್ಪೆಟ್ಟು ತೊಯ್ದು ತೊಪ್ಪೆಯಾಗಿತ್ತು, ತಗಡಿನ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಪೆಡಲು ಒತ್ತಿದಾಗ ಆಯಿಲನ್ನು ಮುಂದಕ್ಕೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಿಂದಿನಿಂದ ಸೋರುತ್ತಿತ್ತು. ಸೋರಿದ್ದೆಲ್ಲ ಅಣ್ಣನ ಮುದ್ದಿನ ಪ್ಲಾಸ್ಟಿಕ್ಕಿನಡಿ ಯಾರ ಕಣ್ಣಿಗೂ ಬೀಳದೆ ಆರಾಮಾಗಿ ಸೇರಿಕೊಂಡಿತ್ತು.

"ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ ಅಣ್ಣ. ಅದೇ ಮ್ಯಾಟು ತೆಗೆದುಕೊಂಡು ಅವನ ತಲೆಗೆ ಬಾರಿಸಬೇಕು ಅನ್ನಿಸಿತು ನನಗೆ.

ಮೆಕ್ಯಾನಿಕ್ ಮನೆಗೇ ಬಂದು ಹೊಸ ಸಿಲಿಂಡರ್ ಹಾಕಿದ. ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ನಟ್ಟು ಸಡಿಲಿಸಬೇಕು. "ಸಾರ್, ನೀವು ಕೂತು ಪೆಡಲ್ ಒತ್ತಿ" ಎಂದ. ಅಣ್ಣ ಬಾಗಿಲಿಗೆ ಕೈ ಹಾಕಿದ.

"ನೀವು ಸರೀರಿ," ಎಂದರು ಅತ್ತಿಗೆ. "ಇಷ್ಟು ದಿನ ಬೈಸ್ಕೊಂಡಿದ್ದು ನನ್ನ ಕಾಲು. ಅದೇ ಒತ್ತತ್ತೆ."

ಆಯಿಲಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೂ ಒತ್ತಿದರು, ಹಿಡಿದರು, ಬಿಟ್ಟರು. ಪೆಡಲು ಗಟ್ಟಿಯಾಯಿತು. ಅವರು ಸೀಟಿನಿಂದ ಇಳಿಯಲೇ ಇಲ್ಲ. ನನ್ನ ಕೈಯಿಂದ ಔಷಧಿಯ ಚೀಲ ಇಸಿದುಕೊಂಡು, ರಿವರ್ಸ್ ಗೇರು ಹಾಕಿ, ಅಜ್ಜಿಯ ಮನೆ ಕಡೆ ಹೊರಟೇಬಿಟ್ಟರು. ಅಣ್ಣ ಮ್ಯಾಟುಗಳನ್ನು ಎದೆಗವಚಿಕೊಂಡು ಗೇಟಿನಲ್ಲಿ ನಿಂತಿದ್ದ.

'ತಪ್ಪಾಯ್ತು' ಅನ್ನುವ ಮಾತು ಅವನ ಬಾಯಿಂದ ಇನ್ನೂ ಬಂದಿಲ್ಲ. ಕೀ ಮಾತ್ರ ಅವತ್ತಿನಿಂದ ಅತ್ತಿಗೆಯ ಚೀಲದಲ್ಲೇ ಇದೆ.