ಒಂದೇ ಕಿವಿಯಲ್ಲಿ ಬರೆದ ಪರೀಕ್ಷೆ

ನನಗೆ ಮಾತಿಗಿಂತ ಕೈ ಮುಂದು. ನಾಗಮಂಗಲದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಅಷ್ಟೂ ವರ್ಷ ಊರಿಗೆ ಊರೇ ಇದನ್ನು ಒಪ್ಪಿಕೊಂಡಿತ್ತು. ಒಪ್ಪಿಕೊಂಡಿತ್ತು ಏನು, ಮೆಚ್ಚಿಕೊಂಡಿತ್ತು. ಮಗನ ರಟ್ಟೆ ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿ, "ಸಾಯೋಂಗೆ ಒಡೀರಿ ಮಿಸ್, ನಾವೇನೂ ಕೇಳಕ್ಕಿಲ್ಲ, ಇಂಗ್ಲೀಷಲ್ಲಿ ಪಾಸಾದ್ರೆ ಸಾಕು" ಎಂದು ಕೈಮುಗಿದು ಹೋದ ಅಪ್ಪಂದಿರು ಎಷ್ಟೋ ಮಂದಿ. ನಾನೂ ಅವರಿಗೆ ನಿರಾಸೆ ಮಾಡಲಿಲ್ಲ. ಮೇಲುಕೋಟೆಯಲ್ಲಿ ನಮ್ಮಪ್ಪ ಅಣ್ಣಂದಿರಿಗೆ ಸಂಸ್ಕೃತ ಕಲಿಸಿದ್ದು ಹುಣಸೆ ಬರಲಿನಲ್ಲಿ. ಆ ಮನೆಯಲ್ಲಿ ಬೆಳೆದವಳು ಮುದ್ದು ಮಾಡಿ ಪಾಠ ಹೇಳುತ್ತಾಳೆಂದು ಯಾರೂ ನಿರೀಕ್ಷಿಸಬಾರದು.

ತೊಂಬತ್ತರ ದಶಕದ ನಡುವೆ ಮೂವರು ನರ್ಸುಗಳು ನಮ್ಮ ಮನೆಗೆ ಬಂದರು. ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕಂತೆ, ಅದಕ್ಕೆ ತಯಾರು ಮಾಡಿ ಎಂದರು. ಓದುವುದು, ಬರೆಯುವುದು, ಕ್ಯಾಸೆಟ್ ಹಾಕಿದಾಗ ಕೇಳಿ ಉತ್ತರ ಗುರುತಿಸುವುದು, ಕೊನೆಗೆ ಪರೀಕ್ಷಕರ ಎದುರು ಕೂತು ಮಾತಾಡುವುದು. ನಾಲ್ಕರಲ್ಲಿ ಒಂದು ಕೈಕೊಟ್ಟರೂ ಮುಗಿಯಿತು. ನಾನೇ ಅಂಥ ಪರೀಕ್ಷೆಯನ್ನು ಕಂಡವಳಲ್ಲ. ಮೈಸೂರಿನಿಂದ ಪುಸ್ತಕ, ಕ್ಯಾಸೆಟ್ ತರಿಸಿಕೊಂಡು ಶುರುಮಾಡಿದೆ. ತಿಂಗಳು ಕಳೆಯುವುದರೊಳಗೆ ಒಬ್ಬಳಿಗೆ ಮದುವೆ ಗೊತ್ತಾಯಿತು. ಇನ್ನೊಬ್ಬಳು ನನ್ನ ಬಾಯಿಗೆ ಹೆದರಿ ಬಿಟ್ಟಳು. ಉಳಿದವಳು ಒಬ್ಬಳೇ.

ಅವಳದು ನಾಗಮಂಗಲದ ಆಚೆ ಒಂದು ಹಳ್ಳಿ, ಗದ್ದೆ ತೋಟ ಇರುವ ಒಕ್ಕಲು ಮನೆತನ. ಅಪ್ಪ ಇಲ್ಲ, ಯಜಮಾನಿಕೆ ಅಣ್ಣನದು. ಪೇಟೆಯ ನರ್ಸಿಂಗ್ ಹೋಮಿನಲ್ಲಿ ಕೆಲಸ ಮುಗಿಸಿ, ನನ್ನಲ್ಲಿ ಒಂದು ಗಂಟೆ ಕೂತು, ಸಂಜೆ ಬಸ್ಸಿಗೆ ಊರಿಗೆ ಹೋಗುತ್ತಿದ್ದಳು. ಓದಿನಲ್ಲಿ ಚುರುಕು, ಆದರೆ ಬಾಯಿ ಬಿಟ್ಟರೆ ಪಕ್ಕದಲ್ಲಿ ಕೂತ ನನಗೇ ಕೇಳಿಸದು. "ಗಟ್ಟಿಯಾಗಿ ಮಾತಾಡೇ, ಸತ್ತವರ ಮನೆಯಲ್ಲಿ ಕೂತಿದ್ದೀಯಾ?" ಎಂದು ಸ್ಕೇಲಿನಲ್ಲಿ ಗೆಣ್ಣಿನ ಮೇಲೆ ಕೊಟ್ಟೆ. ಇಪ್ಪತ್ತೆರಡು ವರ್ಷದ ಹುಡುಗಿ, ಸುಮ್ಮನೆ ಕೈ ಚಾಚಿಕೊಂಡೇ ಕೂತಿದ್ದಳು. ಏಟು ಬಿದ್ದಾಗ ಕೈ ಹಿಂದಕ್ಕೆ ಎಳೆದುಕೊಳ್ಳದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಪಾಸ್‌ಪೋರ್ಟು ತೋರಿಸದೆ ಪರೀಕ್ಷೆಯ ಹಾಲಿಗೆ ಬಿಡುವುದಿಲ್ಲ ಎಂದು ಪುಸ್ತಕದಲ್ಲಿತ್ತು. ಅರ್ಜಿ ಹಾಕಿಸಿದೆ. ಮನೆಯಲ್ಲಿ ಅವಳು ಹೇಳಿರಲಿಲ್ಲ, ಪಾಸಾದ ಮೇಲೆ ಹೇಳಿದರಾಯಿತು ಅಂದುಕೊಂಡಿದ್ದಳು. ಪಾಸ್‌ಪೋರ್ಟು ಕೊಡುವ ಮೊದಲು ಪೊಲೀಸರು ಊರಿಗೆ ಹೋಗಿ ವಿಚಾರಿಸುತ್ತಾರೆಂಬುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ.

ಪೊಲೀಸಿನವನು ಹೋದದ್ದು ಬೆಳಿಗ್ಗೆ, ಊರವರೆಲ್ಲ ಕ್ಯಾನು ಹಿಡಿದು ಹಾಲಿನ ಡೈರಿ ಮುಂದೆ ಸಾಲು ನಿಂತಿರುವಾಗ. ಗಾಡಿಯಿಂದ ಇಳಿಯದೆಯೇ ಅವಳ ಹೆಸರು ಕೂಗಿ, "ಈ ಹುಡುಗಿ ನಿಮ್ಮೂರೋಳೇನ್ರಪ್ಪ? ಇವಳ ಮೇಲೆ ಏನಾದ್ರೂ ಕೇಸು ಗೀಸು ಐತಾ? ನಡತೆ ಎಂಗೆ?" ಎಂದು ಕೇಳಿದನಂತೆ. ಅವನ ಪಾಲಿಗೆ ಅದು ದಿನಾ ಕೇಳುವ ಪ್ರಶ್ನೆ. ಆದರೆ ಆ ಊರಿನಲ್ಲಿ ಪೊಲೀಸಿನವನೊಬ್ಬ ಮದುವೆಯಾಗದ ಹೆಣ್ಣಿನ ಹೆಸರು ಹಿಡಿದು ಬಂದದ್ದು ಅದೇ ಮೊದಲು. ಹಾಲು ಅಳೆದು ಮುಗಿಯುವುದರೊಳಗೆ ಅವಳ ಮೇಲೆ ಕೇಸು ಇದೆ ಎಂದಾಯಿತು. ಮಧ್ಯಾಹ್ನಕ್ಕೆ ಅದು ನರ್ಸಿಂಗ್ ಹೋಮಿನಲ್ಲಿ ಮಾಡಿದ ಕಳವಾಯಿತು, ಸಂಜೆಗೆ ಬಸುರಿನ ಮಾತಾಯಿತು. ಕೆ.ಆರ್. ಪೇಟೆ ಕಡೆಯ ಒಂದು ಗಂಡು ಗೊತ್ತಾಗಿ ವೀಳ್ಯದ ಶಾಸ್ತ್ರವೊಂದೇ ಬಾಕಿ ಇತ್ತು. ಅವರು ಎರಡನೆಯ ದಿನವೇ ಬೇಡವೆಂದು ಹೇಳಿಕಳಿಸಿದರು.

ಆ ಸಂಜೆ ಅಣ್ಣ ಅವಳನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದ. ಕೊಟ್ಟಿಗೆಯ ಬಾಗಿಲು ಹಾಕಿದವಳು ಅವರ ಅವ್ವ, ಹೊರಗಿನಿಂದ. ಅಕ್ಕಪಕ್ಕದವರಿಗೆ ಸದ್ದು ಕೇಳಬಾರದಲ್ಲ. ಒಳಗೆ ಅವನು ಬಾರುಕೋಲು ಮುರಿಯುವವರೆಗೆ ಹೊಡೆದ, ಮುರಿದ ಮೇಲೆ ಕೈಯಲ್ಲಿ, ಕಾಲಿನಲ್ಲಿ. ಎತ್ತುಗಳು ಬೆದರಿ ಹಗ್ಗ ಜಗ್ಗುತ್ತಿದ್ದವಂತೆ. ಕೊನೆಗೊಂದು ಏಟನ್ನು ಎಡಗಿವಿಯ ಮೇಲೆ ಅಂಗೈ ಬಿಚ್ಚಿ ಬಿಟ್ಟ. ಅಷ್ಟಕ್ಕೆ ಆ ಕಿವಿಗೆ ಯಾವ ಸದ್ದೂ ಕೇಳದೆ ಹೋಯಿತು ಎಂದು ಅವಳು ನನಗೆ ಆಮೇಲೆ ಹೇಳಿದಳು. ಹೇಳುವಾಗ ಕಣ್ಣಲ್ಲಿ ನೀರಿರಲಿಲ್ಲ, ರೋಗಿಯ ಜ್ವರ ಎಷ್ಟಿದೆ ಎಂದು ಡಾಕ್ಟರಿಗೆ ಒಪ್ಪಿಸುವಂತೆ ಒಪ್ಪಿಸಿದಳು.

ಮರುದಿನ ಕೆಲಸಕ್ಕೆ ಬಂದವಳು ಊರಿಗೆ ಹಿಂದಿರುಗಲಿಲ್ಲ. ನರ್ಸಿಂಗ್ ಹೋಮಿನ ಮೇಲಿನ ಕೋಣೆಯಲ್ಲೇ ಉಳಿದಳು. ನನ್ನ ಪಾಠಕ್ಕೆ ವಾರ ಬಿಟ್ಟು ಬಂದಳು. ಕ್ಯಾಸೆಟ್ ಹಾಕಿದೆ. ತಪ್ಪು ಮೇಲೆ ತಪ್ಪು. ಟೇಪ್‌ರೆಕಾರ್ಡರಿನ ಕಡೆಗೆ ಕತ್ತನ್ನು ಕೋಳಿಯ ಹಾಗೆ ತಿರುಗಿಸಿಕೊಂಡು ಕೂತಿದ್ದಳು. ಸಿಟ್ಟು ನೆತ್ತಿಗೇರಿ, ನೆಟ್ಟಗೆ ಕೂತ್ಕೋ ಎಂದು ಗಲ್ಲ ಹಿಡಿದು ಈ ಕಡೆ ತಿರುಗಿಸಿದರೆ ನನ್ನ ಬೆರಳಿಗೆ ಅಂಟಂಟಾಗಿ ಏನೋ ತಾಗಿತು. ಕಿವಿಯಿಂದ ರಕ್ತ ಕಲಸಿದ ಕೀವು ಇಳಿಯುತ್ತಿತ್ತು. ಮೈಸೂರಿಗೆ ಕರೆದುಕೊಂಡು ಹೋದೆ. ತಮಟೆ ಹರಿದಿದೆ, ಕೂಡಿಕೊಂಡರೂ ತಿಂಗಳುಗಟ್ಟಲೆ ಬೇಕು ಎಂದರು ಕಿವಿಯ ಡಾಕ್ಟರು. ಪರೀಕ್ಷೆಗೆ ಉಳಿದಿದ್ದದ್ದು ಮೂರೇ ವಾರ.

"ಮುಂದಿನ ಸಲ ಬರೆಯೋಣ" ಎಂದೆ.

"ಮುಂದಿನ ಸಲ ಬರೆಯಕ್ಕೆ ನಾನು ಇರಕಿಲ್ಲ ಮಿಸ್" ಎಂದಳು. "ಸಿಕ್ಕಿದೋರಿಗೆ ಕಟ್ಟಿ ಕಳಿಸ್ತಾನೆ, ಇಲ್ಲ ಕೆರೆಗೆ ನೂಕ್ತಾನೆ."

ನಾನು ಅವಳ ಮುಖ ನೋಡಿದೆ. ಅವಳು ಮಾತಿಗೆ ಹೇಳಿದ್ದಲ್ಲ.

ಅಂದಿನಿಂದ ಒಂದೇ ಕಿವಿಗೆ ಪಾಠ. ಬೆಂಗಳೂರಿನ ಪರೀಕ್ಷೆಯ ಹಾಲಿನಲ್ಲಿ ಟೇಪ್‌ರೆಕಾರ್ಡರನ್ನು ಎದುರಿನ ಮೇಜಿನ ಮೇಲೆ ಇಡುತ್ತಾರೆ, ಎಡಗಡೆಯ ಕೊನೆಯ ಕುರ್ಚಿ ಹಿಡಿದರೆ ಬಲಗಿವಿ ಅದರ ಕಡೆಗಿರುತ್ತದೆ ಎಂದು ಲೆಕ್ಕ ಹಾಕಿದೆ. ಆ ಕುರ್ಚಿ ಸಿಗಬೇಕಾದರೆ ಎಲ್ಲರಿಗಿಂತ ಮೊದಲು ಹೋಗಬೇಕು. ನಮ್ಮ ಮನೆಯ ನಡುಮನೆಯನ್ನೇ ಪರೀಕ್ಷೆಯ ಹಾಲ್ ಮಾಡಿ, ಅವಳನ್ನು ಎಡಮೂಲೆಗೆ ಕೂರಿಸಿ, ಬೇಕೆಂದೇ ಪಾತ್ರೆ ಸದ್ದು ಮಾಡುತ್ತ ಕ್ಯಾಸೆಟ್ ಹಾಕುತ್ತಿದ್ದೆ. ತಪ್ಪುಗಳು ಕಡಿಮೆಯಾದವು. ಪಾಸ್‌ಪೋರ್ಟು ಬಂದದ್ದನ್ನು ಪೋಸ್ಟ್‌ಮ್ಯಾನ್ ಹಳ್ಳಿಗೆ ಒಯ್ಯದೆ ನರ್ಸಿಂಗ್ ಹೋಮಿನಲ್ಲೇ ಅವಳ ಕೈಗೆ ಕೊಟ್ಟ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ಅದನ್ನು ನಾನು ನನ್ನ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ.

ಪರೀಕ್ಷೆಗೆ ನಾಲ್ಕು ದಿನವಿರುವಾಗ ಅಣ್ಣ ನಮ್ಮ ಮನೆಗೆ ಬಂದ. ಅವನೂ ನನ್ನ ಶಿಷ್ಯನೇ, ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ವ್ಯವಸಾಯಕ್ಕೆ ಇಳಿದವನು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ನಿಂತುಕೊಂಡೇ ಮಾತಾಡಿದ.

"ನಿಮ್ ಮರ್ವಾದೆ ಮಡಗಿ ಕೇಳ್ತಾ ಇವ್ನಿ ಮಿಸ್. ಆ ಪಾಸ್‌ಪೋರ್ಟು ಕೊಟ್ಬುಡಿ. ಇವ್ಳು ಈಗ ದೇಸ ಬುಟ್ಟು ಓದ್ರೆ, ಕೇಸಿಗೆ ಎದ್ರಿ ಓಡೋದ್ಲು ಅಂತ ಊರು ಅಂಗೇ ಕಾಯಂ ಮಾಡ್ಕತದೆ. ನಾನು ಡೈರಿಗೆ ಆಲು ಆಕಕ್ಕೂ ಓಗಂಗಿಲ್ಲ."

"ಕೇಸೂ ಇಲ್ಲ ಗೀಸೂ ಇಲ್ಲ. ಪಾಸ್‌ಪೋರ್ಟಿಗೆ ಎಲ್ಲರ ಮನೆಗೂ ಪೊಲೀಸ್ ಬರ್ತಾರೆ ಕಣೋ, ದಡ್ಡ ಮುಂಡೇದೆ" ಎಂದೆ.

"ನಂಗೊತ್ತು" ಎಂದ. "ಟೇಸನ್‌ಗೇ ಓಗಿ ಕೇಳ್ಕೊಂಡು ಬಂದಿವ್ನಿ. ಊರಿಗೆ ಯಾರು ಯೋಳ್ತಾರೆ?"

ತಂಗಿ ತಪ್ಪು ಮಾಡಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಊರಿನ ಬಾಯಿಗೆ ಹಾಕಲು ಬಂದಿದ್ದ. ನನ್ನ ಮೈಯೆಲ್ಲ ಉರಿಯಿತು. ಕೊಡುವುದಿಲ್ಲ, ಹೋಗು ಎಂದೆ. ಅವನು ಕಪಾಟು ಎಳೆದ, ಪುಸ್ತಕ ಚೆಲ್ಲಿದ, ಟೇಪ್‌ರೆಕಾರ್ಡರನ್ನು ನೆಲಕ್ಕೆ ಕುಕ್ಕಿ ಹಿಮ್ಮಡಿಯಲ್ಲಿ ತುಳಿದ. ನಾನು ಮಡಿಬಟ್ಟೆ ಹರವುವ ಬಿದಿರು ಕೋಲು ತೆಗೆದುಕೊಂಡು ಅವನ ಬೆನ್ನಿಗೆ ಬಾರಿಸಿದೆ. ಆರಡಿ ಆಳು, ತಪ್ಪಿಸಿಕೊಳ್ಳಲಿಲ್ಲ.

"ಒಡೀರಿ. ನೀವು ಒಡುದ್ರೆ ಪಾಠ, ನಾನು ಒಡುದ್ರೆ ತಪ್ಪಾ?" ಎಂದ.

ನನ್ನ ಕೈಯಲ್ಲಿ ಕೋಲಿತ್ತು. ಇನ್ನೆರಡು ಬಿಟ್ಟೆ. ಅವನು ಹೊಸಿಲು ದಾಟುವಾಗ, "ಅದೆಂಗೆ ಬೆಂಗ್ಳೂರು ಬಸ್ಸು ಅತ್ತುಸ್ತೀರೋ ನೋಡ್ತೀನಿ" ಎಂದು ಹೇಳಿ ಹೋದ.

ಪರೀಕ್ಷೆಯ ದಿನ ಬೆಳಕು ಹರಿಯುವಾಗ ನಾವಿಬ್ಬರೂ ಬೆಳ್ಳೂರು ಕ್ರಾಸಿನಲ್ಲಿ ಇಳಿದು, ಹಾಸನದಿಂದ ಬರುವ ಬಸ್ಸಿಗೆ ಕಾಯುತ್ತಿದ್ದೆವು. ಹೋಟೆಲಿನ ಮುಂದೆ ಲಾರಿಯವರು ಕಾಫಿ ಕುಡಿಯುತ್ತಿದ್ದರು. ಬಸ್ಸು ಬಂದು ನಿಂತಿತು. ಅದರ ಹಿಂದಿನಿಂದಲೇ ಅಣ್ಣ ಬಂದ, ಜೊತೆಗೆ ದೊಡ್ಡಪ್ಪನ ಮಕ್ಕಳು ಇಬ್ಬರು. ಮಾತಿಲ್ಲ ಕತೆಯಿಲ್ಲ, ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ನೆಲಕ್ಕೆ ಎಳೆದ. ಡಾಂಬರಿನ ಮೇಲೆ ಅವಳ ಮುಖ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ.

"ನಮ್ಮನೆ ಹೆಣ್ಣು ಓಡೋಗ್ತಾವ್ಳೆ, ಯಾರೂ ಮಧ್ಯೆ ಬರ್ಬೇಡಿ" ಎಂದ. ಅಷ್ಟು ಸಾಕಾಯಿತು. ಕಾಫಿ ಲೋಟ ಹಿಡಿದವರು ಹಿಡಿದುಕೊಂಡೇ ನಿಂತರು. ಅಷ್ಟು ಜನ ಗಂಡಸರಲ್ಲಿ ಒಬ್ಬನ ಕಾಲಾದರೂ ಮುಂದೆ ಬರಬೇಕಲ್ಲ. ನಾನು ಛತ್ರಿಯಲ್ಲಿ ಅವನ ತಲೆಗೆ ಹೊಡೆದೆ. ದೊಡ್ಡಪ್ಪನ ಮಗನೊಬ್ಬ ನನ್ನನ್ನು ತಳ್ಳಿದ. ಬಸ್ಸಿನ ಮೆಟ್ಟಿಲಿಗೆ ಬಾಯಿ ಬಡಿದು ಮುಂದಿನ ಹಲ್ಲೊಂದು ಹೋಯಿತು. ಉಗುಳಿ ಮತ್ತೆ ಎದ್ದೆ. ಅಣ್ಣ ಅವಳ ಸೊಂಟಕ್ಕೆ ಒದೆಯುತ್ತಿದ್ದ, ಅವಳು ಪಾಸ್‌ಪೋರ್ಟಿದ್ದ ಚೀಲವನ್ನು ಹೊಟ್ಟೆಯ ಕೆಳಗೆ ಅವಚಿಕೊಂಡು ಬೋರಲಾಗಿ ಮಲಗಿದ್ದಳು. ಚೀಲ ಕಿತ್ತುಕೊಳ್ಳಲು ಅವನು ಬಗ್ಗಿ ಕೈ ಹಾಕಿದ. ಅವಳು ಆ ಕೈಯ ಹೆಬ್ಬೆರಳು ಹಿಡಿದು ಹಿಂದಕ್ಕೆ ಮಡಿಸಿದಳು. ಮೈಮೇಲೆ ಏರಿ ಬರುವ ರೋಗಿಗಳನ್ನು ದಿನಾ ಹಿಡಿಯುತ್ತಿದ್ದವಳಿಗೆ ಎಷ್ಟು ಬಗ್ಗಿಸಿದರೆ ನೋವು, ಎಷ್ಟಕ್ಕೆ ಮುರಿಯುತ್ತದೆ ಎಂದು ಗೊತ್ತಿತ್ತು. ಮುರಿಯುವವರೆಗೆ ಬಗ್ಗಿಸಿದಳು. ಲಟಕ್ ಎಂದಿತು. ಅವನು ಅಲ್ಲೇ ಕುಸಿದು ಕೂತು ಕೈ ಹಿಡಿದುಕೊಂಡು ಅರಚಿದ.

ಕಂಡಕ್ಟರು ಒಬ್ಬನೇ ಮನುಷ್ಯನಂತೆ ನಡೆದುಕೊಂಡ. "ಹತ್ರಮ್ಮಾ ಮೊದ್ಲು" ಎಂದು ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಒಳಗೆಳೆದು ಸೀಟಿ ಊದಿದ. ದೊಡ್ಡಪ್ಪನ ಮಕ್ಕಳು ಸ್ವಲ್ಪ ದೂರ ಬಾಗಿಲಿಗೆ ಗುದ್ದುತ್ತ ಓಡಿಬಂದರು.

ಬಸ್ಸು ಕುಣಿಗಲ್ ದಾಟಿತು. ಅವಳ ಮೇಲ್ತುಟಿ ಸೀಳಿತ್ತು, ರವಿಕೆಯ ತೋಳು ಹರಿದಿತ್ತು. ತನ್ನ ಚೀಲದಿಂದ ಹತ್ತಿ ತೆಗೆದು ಮೊದಲು ನನ್ನ ಬಾಯಿ ಒರೆಸಿದಳು, ಆಮೇಲೆ ತನ್ನದು. ಸೆರಗನ್ನು ತೋಳಿನ ಮೇಲೆ ಎಳೆದು ಪಿನ್ನು ಹಾಕಿಕೊಂಡಳು. ಬೆಂಗಳೂರಿನಲ್ಲಿ ಪರೀಕ್ಷೆಯ ಹಾಲಿನ ಬಾಗಿಲು ತೆಗೆಯುವ ಹೊತ್ತಿಗೆ ನಾವೇ ಮೊದಲಿಗರು. ಎಡಗಡೆಯ ಕೊನೆಯ ಕುರ್ಚಿ ಅವಳಿಗೆ ಸಿಕ್ಕಿತು.

ಫಲಿತಾಂಶ ಬಂದ ದಿನ ಅವಳು ಓಡಿಕೊಂಡೇ ನಮ್ಮ ಮನೆಗೆ ಬಂದಳು. ಬೇಕಾದಷ್ಟು ಅಂಕ ನಾಲ್ಕರಲ್ಲೂ ಬಂದಿತ್ತು. ಒಂದು ಕಿವಿಯಲ್ಲಿ ಕೇಳಿ ಬರೆದದ್ದು ಹೇಗೋ ದಡ ಮುಟ್ಟಿತ್ತು. ನನಗೆ ಆಶ್ಚರ್ಯವಾದದ್ದು ಬೇರೆ. ಎಲ್ಲಕ್ಕಿಂತ ಹೆಚ್ಚು ಅಂಕ ಮಾತಾಡುವುದಕ್ಕೆ ಬಂದಿತ್ತು.

"ತುಟಿ ಸೀಳಿಕೊಂಡು ಅದೇನು ಮಾತಾಡಿದ್ಯೇ? ಏನು ಕೇಳಿದ್ರು?" ಎಂದೆ.

"ಇವತ್ತು ಇಲ್ಲಿಗೆ ಎಂಗ್ ಬಂದೆ ಅಂತ ಕೇಳಿದ್ರು ಮಿಸ್. ಒಬ್ರು ವಯಸ್ಸಾದ ಫಾರಿನ್ ಹೆಂಗಸು."

"ಹೇಳಿದ್ಯಾ?"

"ಊ. ನಮ್ಮಣ್ಣ ನಸುಕಲ್ಲೇ ಎದ್ದು ಗಾಡೀಲಿ ಕೂರಿಸ್ಕೊಂಡು ಬಂದ, ಕಾಫಿ ಕುಡಿಸ್ದ, ಕಿಟಕಿ ಪಕ್ಕ ಸೀಟು ಹಿಡ್ದು ಕೊಟ್ಟ, ಬಸ್ಸು ಹೊರಡೋವರ್ಗೂ ಅಲ್ಲೇ ನಿಂತಿದ್ದ ಅಂದೆ. ತುಟಿಗೆ ಏನಾಯ್ತು ಅಂದ್ರು, ಬಸ್ಸು ಬ್ರೇಕ್ ಹಾಕ್ತು ಅಂದೆ. ನಿಮ್ಮಣ್ಣಂಗೆ ನಿನ್ ಕಂಡ್ರೆ ಬಾಳ ಪ್ರೀತಿ ಅಂತ ಕಾಣ್ತದೆ ಅಂದ್ರು. ಆಮೇಲೆ ಅವನ ವಿಸ್ಯಾನೇ ಕೇಳ್ತಾ ಹೋದ್ರು, ನಾನು ಹೇಳ್ತಾ ಹೋದೆ. ತಡೀಲೇ ಇಲ್ಲ ಮಿಸ್, ಅಷ್ಟು ಚೆನ್ನಾಗಿ ಬಂತು."

ನನಗೆ ಸಿಟ್ಟು ಉಕ್ಕಿತು. ಹಲ್ಲಿಲ್ಲದ ಸಂದಿಯಲ್ಲಿ ಮಾತು ಗಾಳಿಯಾಗಿ ಹೋಗುತ್ತಿತ್ತು, ಆದರೂ ಕೂಗಿದೆ. ಆ ಕಟುಕನನ್ನು ಪರದೇಶದವಳ ಮುಂದೆ ದೇವರು ಮಾಡಿ ಬಂದೆಯಾ, ಇನ್ನೂ ಅವನ ಮಾನ ಕಾಯುತ್ತೀಯಾ ಎಂದು ಬಾಯಿಗೆ ಬಂದಂತೆ ಬೈದೆ.

ಅವಳು ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಪೂರ್ತಿ ಕೇಳಿದಳು.

"ಅವನ ಮಾನಕ್ಕಲ್ಲ ಮಿಸ್" ಎಂದಳು. "ನಂಗೂ ಅಂಥ ಅಣ್ಣ ಒಬ್ಬ ಅವ್ನೆ ಅಂತ ಒಂದ್ಸಲ ಬಾಯ್ತುಂಬ ಹೇಳ್ಕೊಬೇಕು ಅನ್ನುಸ್ತು. ಇಲ್ಲಿ ಯಾರ್ ತಾವ ಹೇಳ್ಕೊಳ್ಳಿ? ಎಲ್ರಿಗೂ ಗೊತ್ತಲ್ಲ."